ಗ್ಲೌಸ್ ಹಾಕದ ಆಟಕ್ಕೂ ಒಂದು ಹಾಲ್ ಆಫ್ ಫೇಮ್: ಶಿಕಾಗೊದ 16 ಇಂಚಿನ ಸಾಫ್ಟ್‌ಬಾಲ್

ಓಕ್‌ಪಾರ್ಕಿನ ಮಲೆನಾಡಿಗ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಶಿಕಾಗೊ ಪಕ್ಕದ ಓಕ್ ಪಾರ್ಕ್‌ಗೆ ಬಂದು ಒಂಬತ್ತು ವರ್ಷ ಆಯ್ತು. ಪಕ್ಕದೂರು ಫಾರೆಸ್ಟ್ ಪಾರ್ಕ್ ಅಂದರೆ ನನಗೆ ಇಷ್ಟು ದಿನ ಬ್ಲೂ ಲೈನ್ ರೈಲಿನ ಕೊನೇ ಸ್ಟೇಷನ್, ಅಷ್ಟೇ. ಮೊನ್ನೆ ಮಗಳನ್ನು ಅಲ್ಲಿನ ಈಜುಕೊಳಕ್ಕೆ ಕರೆದುಕೊಂಡು ಹೋಗಿದ್ದೆ. ಅವಳು ನೀರಿಂದ ಹೊರಗೆ ಬರಲೊಲ್ಲಳು. ನಾನು ಸುಮ್ನೆ ಸುತ್ತಾಡುತ್ತಾ ಹೋದೆ. ಆಗ ಗೊತ್ತಾಗಿದ್ದು, ಆ ಪುಟ್ಟ ಊರಲ್ಲಿ ಶಿಕಾಗೊ 16 ಇಂಚ್ ಸಾಫ್ಟ್‌ಬಾಲ್ ಹಾಲ್ ಆಫ್ ಫೇಮ್, ಅಂದರೆ ಆ ಆಟದಲ್ಲಿ ಹೆಸರು ಮಾಡಿದವರನ್ನು ಗೌರವಿಸಿ ನೆನಪಿಡುವ ಮನೆ, ಇದೆ ಅಂತ.

ಮೊದಲು ನಗು ಬಂತು. ಚೆಂಡಿನ ಅಳತೆಗೊಂದು ಹಾಲ್ ಆಫ್ ಫೇಮ್! ಆಮೇಲೆ ಮನೆಗೆ ಬಂದು ಓದುತ್ತಾ ಕೂತವನು ರಾತ್ರಿ ಒಂದು ಗಂಟೆಯಾದರೂ ಏಳಲಿಲ್ಲ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಸಾಫ್ಟ್‌ಬಾಲ್ ಬೇಸ್‌ಬಾಲ್ ಜಾತಿಯದೇ ಆಟ. ಲೋಕದ ಬೇರೆ ಕಡೆ ಸಾಫ್ಟ್‌ಬಾಲ್ ಅಂದರೆ 12 ಇಂಚು ಸುತ್ತಳತೆಯ ಚೆಂಡು. ಶಿಕಾಗೊದಲ್ಲಿ 16 ಇಂಚು, ಅಂದರೆ 40 ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ. ನಮ್ಮ ಕ್ರಿಕೆಟ್ ಚೆಂಡಿನ ಸುತ್ತಳತೆ 23 ಸೆಂಟಿಮೀಟರ್ ಕೂಡ ಇಲ್ಲ. ಹತ್ತಿರ ಹತ್ತಿರ ಅದರ ಎರಡರಷ್ಟು ಅಂದುಕೊಳ್ಳಿ. ಇಂಥ ಚೆಂಡನ್ನು ಯಾರೂ ಗ್ಲೌಸ್ ಹಾಕಿಕೊಂಡು ಹಿಡಿಯುವುದಿಲ್ಲ. ಬರಿಗೈ.

ಈ ಹಾಲ್ ಆಫ್ ಫೇಮ್ ಶುರುವಾಗಿದ್ದು 1996ರಲ್ಲಿ. ಆಟಗಾರರಿಗೆ ಮಾತ್ರ ಅಲ್ಲ, ಇಡೀ ತಂಡಗಳಿಗೂ ಗೌರವ ಕೊಡುತ್ತಾರೆ. ಅಂಪೈರುಗಳು, ತಂಡ ನಡೆಸಿದವರು, ಟೂರ್ನಮೆಂಟ್ ಕಟ್ಟಿದವರು ಕೂಡ ಇದ್ದಾರೆ. ನನ್ನ ತಲೆಯಲ್ಲಿ ಕೂತಿರುವುದು ಒಂದೇ ಪ್ರಶ್ನೆ. ಒಂದೇ ನಗರದವರು ಆಡಿದ, ಹೊರಗಿನವರಿಗೆ ಹೆಸರೇ ಗೊತ್ತಿಲ್ಲದ ಆಟಕ್ಕೆ ಇಷ್ಟು ಗೌರವ ಬೇಕಾ? ನನಗಂತೂ ಬೇಕು ಅನಿಸಿತು. ನೀವೇನಂತೀರಿ?

ಬೆರಳು ಮುರಿದವನು

ಬೇಕು. ನನ್ನ ಎಡಗೈ ಉಂಗುರದ ಬೆರಳನ್ನು ಕೇಳಿ, ಅದೂ ಬೇಕು ಅನ್ನುತ್ತದೆ.

ನಮ್ಮ ಆಫೀಸಿನವರು ಊರ ನಡುವಿನ ಗ್ರ್ಯಾಂಟ್ ಪಾರ್ಕ್‌ನಲ್ಲಿ ಒಂದು ಬೇಸಿಗೆ ಆಡಿದರು. "ಸಾಫ್ಟ್‌ಬಾಲ್ ತಾನೇ, ಹೆಸರಲ್ಲೇ ಸಾಫ್ಟ್ ಇದೆ" ಅಂತ ನಾನೂ ಹೋದೆ. ಮೊದಲನೇ ಇನ್ನಿಂಗ್ಸ್, ಪ್ಯಾಕೆಟ್ಟಿನಿಂದ ಆಗಷ್ಟೇ ತೆಗೆದ ಚೆಂಡು. ಕ್ರಿಕೆಟ್ ಆಡಿದ ಧೈರ್ಯ ಬೇರೆ. ಬೆರಳುಗಳನ್ನು ಮುಂದೆ ಚಾಚಿ ಹಿಡಿಯಲು ಹೋದೆ. ಟಕ್ ಅಂತ ಶಬ್ದ ಬಂತು. ಚೆಂಡಿನದಲ್ಲ.

ಅಲ್ಲಿದ್ದ ಅರವತ್ತರ ಆಸುಪಾಸಿನ ಒಬ್ಬರು ಬಂದು ನನ್ನ ಕೈ ನೋಡಿದರು. ಆಮೇಲೆ ತಮ್ಮ ಎರಡೂ ಕೈ ಮುಂದೆ ಹಿಡಿದರು. ಹತ್ತರಲ್ಲಿ ಒಂದು ಬೆರಳೂ ನೆಟ್ಟಗಿರಲಿಲ್ಲ. ಮೂರು ಅತ್ತ, ನಾಲ್ಕು ಇತ್ತ. "ಈಗ ನೀನು ಶಿಕಾಗೊದವನಾದೆ" ಅಂದರು. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಇದು ಮಾತ್ರ ಆವತ್ತೇ ಸಿಕ್ಕಿತು.

ಚಿನ್ನಿದಾಂಡು

@ಬೆರಳು ಮುರಿದವನು, ನಕ್ಕಿದ್ದಕ್ಕೆ ಕ್ಷಮಿಸಿ 😄 ಆದರೆ ಗ್ಲೌಸ್ ಯಾಕೆ ಹಾಕಲ್ಲ? ಹಟಾನಾ?

ಬೆರಳು ಮುರಿದವನು

ಈಗ ಹಟ. ಮೊದಲು ಬಡತನ. 1930ರ ದಶಕದ ದೊಡ್ಡ ಆರ್ಥಿಕ ಕುಸಿತದಲ್ಲಿ ಮನೆಮನೆಯಲ್ಲಿ ಕೆಲಸ ಕಳೆದುಕೊಂಡವರು. ಒಬ್ಬೊಬ್ಬರಿಗೆ ಒಂದೊಂದು ಗ್ಲೌಸ್ ಎಲ್ಲಿಂದ ತರುವುದು? ಈ ಆಟಕ್ಕೆ ಒಂದು ಚೆಂಡು, ಒಂದು ಬ್ಯಾಟು ಇದ್ದರೆ ಇಪ್ಪತ್ತು ಜನ ಆಡಬಹುದು.

ಜಾಗದ ಕತೆಯೂ ಇದೆ. ಬೇಸ್‌ಬಾಲ್‌ಗೆ ದೊಡ್ಡ ಮೈದಾನ ಬೇಕು. ಶಿಕಾಗೊದ ಹಳೇ ಓಣಿಗಳಲ್ಲಿ ಇದ್ದಿದ್ದು ಶಾಲೆಯ ಅಂಗಳ, ಎರಡು ಕಟ್ಟಡದ ನಡುವಿನ ಖಾಲಿ ಸೈಟು, ಇಲ್ಲಾ ರಸ್ತೆ. ಇಷ್ಟು ದಪ್ಪ ಚೆಂಡು ಎಷ್ಟೇ ಬಲವಾಗಿ ಹೊಡೆದರೂ ಬಹಳ ದೂರ ಹೋಗಲ್ಲ. ಪಕ್ಕದ ಮನೆ ಕಿಟಕಿ ಗಾಜು ಉಳಿಯುತ್ತದೆ. ಚಿಕ್ಕಂದಿನಲ್ಲಿ ಗಾಜು ಒಡೆದು ಓಡಿದವರಿಗೆ ಇದರ ಬೆಲೆ ಗೊತ್ತು.

ಇನ್ನೊಂದು ಮಜಾ ಏನಂದರೆ, ಚೆಂಡು ಆಟದ ಮಧ್ಯೆ ಬದಲಾಗುತ್ತಾ ಹೋಗುತ್ತದೆ. ಒಳಗಿರುವುದು ಕಾಪೋಕ್. ನಮ್ಮಲ್ಲಿ ದಿಂಬಿಗೆ ತುಂಬುತ್ತಿದ್ದರಲ್ಲ ಬೂರುಗದ ಹತ್ತಿ, ಆ ಜಾತಿಯದು. ಅದನ್ನು ಒತ್ತಿ ಒತ್ತಿ ಗಟ್ಟಿ ಮಾಡಿ ಮೇಲೆ ತೊಗಲು ಹೊಲಿದಿರುತ್ತಾರೆ. ಶುರುವಿನಲ್ಲಿ ತೆಂಗಿನಕಾಯಿ. ಏಟು ತಿಂದು ತಿಂದು ಕೊನೇ ಇನ್ನಿಂಗ್ಸಿಗೆ ಹಣ್ಣಾದ ಪಪ್ಪಾಯಿ. ಅದಕ್ಕೇ ಕೆಲವರು ಮಷ್‌ಬಾಲ್ ಅನ್ನುತ್ತಾರೆ. ಹೆಚ್ಚಿನವರು ಕರೆಯುವುದು ಕ್ಲಿಂಚರ್ ಅಂತ, ಅದು ಡಿಬೀರ್ ಕಂಪನಿಯ ಚೆಂಡಿನ ಹೆಸರು. ಚೆಂಡು ಗಟ್ಟಿ ಇರುವಾಗಲೇ ರನ್ ಮಾಡಿಕೊಳ್ಳಬೇಕು. ಆಮೇಲೆ ಹೊಡೆದರೆ 'ಧಪ್' ಅಂತ ಅಲ್ಲೇ ಬೀಳುತ್ತದೆ.

ಹಳೇ ಪೇಪರ್ ಓದುವವ

ಇದು ಬರೀ ಶಿಕಾಗೊದ ಒಂದು ವಿಚಿತ್ರ ಆಟ ಅಂತ ಅಂದುಕೊಳ್ಳಬೇಡಿ. ಸಾಫ್ಟ್‌ಬಾಲ್ ಹುಟ್ಟಿದ್ದೇ ಶಿಕಾಗೊದಲ್ಲಿ. ದೊಡ್ಡ ಚೆಂಡೇ ಹಳೆಯದು, 12 ಇಂಚಿನದು ಆಮೇಲೆ ಬಂದಿದ್ದು.

1887ರ ನವೆಂಬರ್, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಫ್ಯಾರಗಟ್ ಬೋಟ್ ಕ್ಲಬ್‌ನಲ್ಲಿ ಯೇಲ್ ಮತ್ತು ಹಾರ್ವರ್ಡ್‌ನ ಹಳೇ ವಿದ್ಯಾರ್ಥಿಗಳು ಸೇರಿದ್ದರು. ದೂರದಲ್ಲಿ ನಡೆಯುತ್ತಿದ್ದ ಎರಡೂ ಕಾಲೇಜುಗಳ ಫುಟ್‌ಬಾಲ್ ಪಂದ್ಯದ ಸುದ್ದಿ ತಂತಿಯಲ್ಲಿ ಬರಬೇಕಿತ್ತು. ಯೇಲ್ ಗೆದ್ದಿತು ಅಂತ ಬಂತು. ಖುಷಿಯಲ್ಲಿ ಯೇಲ್‌ನವನೊಬ್ಬ ಅಲ್ಲೇ ಬಿದ್ದಿದ್ದ ಬಾಕ್ಸಿಂಗ್ ಗ್ಲೌಸನ್ನು ಹಾರ್ವರ್ಡ್‌ನವನ ಮೇಲೆ ಎಸೆದ. ಅವನು ಕೋಲು ತೆಗೆದುಕೊಂಡು ಅದನ್ನು ಹೊಡೆದ. ಅಲ್ಲಿದ್ದ ಜಾರ್ಜ್ ಹ್ಯಾನ್ಕಾಕ್ ಎಂಬ ವರದಿಗಾರ ಆ ಗ್ಲೌಸನ್ನೇ ಅದರ ದಾರದಿಂದ ಬಿಗಿದು ಚೆಂಡು ಮಾಡಿದ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಆಟ 41-40ಕ್ಕೆ ಮುಗಿಯಿತು ಅಂತ ಹೇಳುತ್ತಾರೆ. ಮೊದಲು 'ಇಂಡೋರ್ ಬೇಸ್‌ಬಾಲ್' ಅನ್ನುತ್ತಿದ್ದರು. ಸಾಫ್ಟ್‌ಬಾಲ್ ಅನ್ನುವ ಹೆಸರು ಬಂದಿದ್ದು 1926ರಲ್ಲಿ, ಅದೂ ಡೆನ್ವರ್‌ನ ಒಬ್ಬರಿಂದ.

ಕೈಗೆ ಹಾಕುವ ಗ್ಲೌಸೇ ಚೆಂಡಾದ ಆಟದಲ್ಲಿ ಮುಂದೆ ಗ್ಲೌಸಿಗೇ ಜಾಗ ಇಲ್ಲದಂತಾಯಿತು. ನನಗೆ ಇದು ತುಂಬಾ ಇಷ್ಟ.

1930ರ ದಶಕದಲ್ಲಿ ಇಲ್ಲಿ ವಿಂಡಿ ಸಿಟಿ ಲೀಗ್ ಅಂತ ಇತ್ತು. ರಾತ್ರಿ ದೀಪದ ಬೆಳಕಲ್ಲಿ ಆಟ, ನೋಡಲು ಸಾವಿರಾರು ಜನ. ಒಳ್ಳೇ ಆಟಗಾರನಿಗೆ ಕೈಗೆ ದುಡ್ಡೂ ಸಿಗುತ್ತಿತ್ತು. ಕೆಲಸವಿಲ್ಲದ ಕಾಲದಲ್ಲಿ ಆ ದುಡ್ಡಲ್ಲೇ ಮನೆ ನಡೆದದ್ದೂ ಉಂಟು.

ನೇರ ಮಾತು

ಎಲ್ಲಾ ಸರಿ. ಆದರೆ ನಾನು ಒಪ್ಪಲ್ಲ.

ಹಾಲ್ ಆಫ್ ಫೇಮ್ ಅಂದರೆ ಒಂದು ತೂಕ ಇರಬೇಕು. ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಹೋಗಬೇಕಾದರೆ ವರ್ಷಗಟ್ಟಲೆಯ ಅಂಕಿಅಂಶ ಇರುತ್ತದೆ. ಇಲ್ಲೇನಿದೆ? ಬೀದಿ ಆಟಕ್ಕೆ ಸ್ಕೋರ್ ಬರೆದಿಟ್ಟವರು ಯಾರು? "ನಮ್ಮಣ್ಣ ಭಾರಿ ಆಡ್ತಿದ್ದ" ಅಂತ ನಾಲ್ಕು ಜನ ಹೇಳಿದರೆ ಆಯ್ತಾ? ನಮ್ಮಲ್ಲೂ ಪ್ರತಿ ಊರಲ್ಲಿ "ಇವನು ರಣಜಿ ಆಡಬೇಕಾಗಿತ್ತು, ಜಸ್ಟ್ ಮಿಸ್" ಅನ್ನುವ ಒಬ್ಬ ಇರುತ್ತಾನೆ. ಅವನಿಗೆಲ್ಲಾ ಫಲಕ ಹಾಕುತ್ತೀರಾ?

ಓಕ್‌ಪಾರ್ಕಿನ ಮಲೆನಾಡಿಗ

@ನೇರ ಮಾತು, ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ನನಗೂ ಮೊದಲು ಇದೇ ಅನಿಸಿದ್ದು.

ಆದರೆ ಯೋಚಿಸಿ. ಕೂಪರ್ಸ್‌ಟೌನ್‌ನವರ ಹೆಸರು ಹಾಲ್ ಆಫ್ ಫೇಮ್ ಇಲ್ಲದಿದ್ದರೂ ಉಳಿಯುತ್ತಿತ್ತು. ಪೇಪರಲ್ಲಿದೆ, ಪುಸ್ತಕದಲ್ಲಿದೆ, ಟೀವಿಯಲ್ಲಿದೆ. ಅಂಕಿ ಇಲ್ಲದವರಿಗೇ ತಾನೇ ಹೆಸರು ಬರೆದಿಡುವ ಜಾಗ ಬೇಕಾಗಿರುವುದು? ಎದುರಾಳಿಯಾಗಿ ಆಡಿದವರು ಇನ್ನೂ ಬದುಕಿರುವಾಗ ಅವರನ್ನು ಕೇಳಬೇಕು, "ಯಾರಿಗೆ ಬಾಲ್ ಹಾಕಲು ಹೆದರುತ್ತಿದ್ದೆ?" ಅಂತ. ಸ್ವಂತ ಅಣ್ಣನ ಮಾತು ಬೇಡ, ಎದುರು ಓಣಿಯವನ ಮಾತು ಸಾಕು.

ಬಸವನಗುಡಿ ಬೌಲರ್

ಮಧ್ಯೆ ಬರುತ್ತಿದ್ದೇನೆ. ಅಂಕಿ ಇರುವವರೂ ಇದ್ದಾರೆ ಸಾರ್. ಎಡ್ಡಿ ಜೋಲ್ನಾ ಹೆಸರು ಕೇಳಿದ್ದೀರಾ? ಈ ಆಟದಲ್ಲಿ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಅಂದರೆ ಮೊದಲು ಬರುವ ಹೆಸರೇ ಅದು. ಬಾಬ್‌ಕ್ಯಾಟ್ಸ್, ಸೋಬೀಸ್ ತಂಡಗಳ ಜೊತೆ 1960, 70ರ ದಶಕಗಳಲ್ಲಿ ರಾಷ್ಟ್ರ ಮಟ್ಟದ ಪ್ರಶಸ್ತಿಗಳನ್ನು ಸಾಲಾಗಿ ಗೆದ್ದವರು. ಶಿಕಾಗೊದ ಮನೆ ಮಾತ್ರ ಅಲ್ಲ, ರಾಷ್ಟ್ರೀಯ ಸಾಫ್ಟ್‌ಬಾಲ್ ಹಾಲ್ ಆಫ್ ಫೇಮ್ ಕೂಡ ಅವರನ್ನು ಸೇರಿಸಿಕೊಂಡಿದೆ.

ನಾನು ಸ್ಪಿನ್ ಹಾಕುತ್ತಿದ್ದವನು, ಹಾಗಾಗಿ ನನಗೆ ಇದರಲ್ಲಿ ಆಸೆ ಜಾಸ್ತಿ. ನೋಡಿ, ಈ ಆಟದಲ್ಲಿ ಚೆಂಡನ್ನು ಕೆಳಗಿನಿಂದ, ನಿಧಾನವಾಗಿ, ಕಮಾನಿನ ಹಾಗೆ ಎತ್ತಿ ಹಾಕಬೇಕು. ವೇಗದ ಮಾತೇ ಇಲ್ಲ. ಹಾಗಾದರೆ ಪಿಚರ್‌ಗೆ ಏನು ಕೆಲಸ ಅಂತೀರಾ? ಆಟ ಇರುವುದೇ ಅಲ್ಲಿ. ಚೆಂಡು ಬಿಡುವ ಹಾಗೆ ಮಾಡಿ ಬಿಡದೇ ಇರಬಹುದು. ಇಂಥ ಹುಸಿ ಎಸೆತಕ್ಕೆ ನಿಯಮದಲ್ಲೇ ಜಾಗ ಇದೆ. ಬೇಸ್ (ಓಟಗಾರ ನಿಲ್ಲುವ ಗುರುತಿನ ಜಾಗ) ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ನಿಂತ ಓಟಗಾರನ ಕಡೆ ತಟಕ್ಕನೆ ತಿರುಗಿ ಎಸೆದು ಔಟ್ ಮಾಡಬಹುದು. ಬ್ಯಾಟರ್ ಒಂದು ಕಡೆ ಕಾಯುತ್ತಿರುತ್ತಾನೆ, ಓಟಗಾರ ಇನ್ನೊಂದು ಕಡೆ ಹೆದರುತ್ತಿರುತ್ತಾನೆ. ಪಿಚರ್ ಮಧ್ಯೆ ನಿಂತು ಇಬ್ಬರನ್ನೂ ಆಟ ಆಡಿಸುತ್ತಾನೆ. ನಮ್ಮ ಬಿ.ಎಸ್. ಚಂದ್ರಶೇಖರ್ ಬಾಲ್ ಹಾಕುವಾಗ ಬ್ಯಾಟ್ಸ್‌ಮನ್ ಮುಖ ನೋಡಿದವರಿಗೆ ಇದು ಅರ್ಥ ಆಗುತ್ತದೆ.

ಬ್ಯಾಟರ್‌ಗೂ ಅಷ್ಟೇ. ಚೆಂಡು ದೂರ ಹೋಗಲ್ಲ, ಎದುರು ಹತ್ತು ಜನ ಫೀಲ್ಡರ್‌ಗಳು. ಗ್ಯಾಪ್ ನೋಡಿ ಹೊಡೆಯುವವನೇ ಗೆಲ್ಲುವುದು.

ಹಳೇ ಪೇಪರ್ ಓದುವವ

ಜೋಲ್ನಾ ಮಾತು ಬಂತು, ತಂಡಗಳಿಗೆ ಗೌರವ ಕೊಡುವುದರಲ್ಲಿ ಒಂದು ತೊಡಕಿದೆ. ಅದನ್ನೂ ಹೇಳಿಬಿಡುತ್ತೇನೆ.

ಶಿಕಾಗೊದಲ್ಲಿ ತಂಡಕ್ಕೆ ಅಂಗಿ ಹೊಲಿಸಿಕೊಡುತ್ತಿದ್ದವರು ಬಾರಿನವರು, ಅಂಗಡಿಯವರು. ಯಾರು ಅಂಗಿ ಕೊಟ್ಟರೋ ಅವರ ಹೆಸರು. ಮುಂದಿನ ವರ್ಷ ಬೇರೆಯವರು ಕೊಟ್ಟರೆ ತಂಡದ ಹೆಸರೇ ಬೇರೆ. ಅವೇ ಹತ್ತು ಹನ್ನೆರಡು ಜನ, ಬೆನ್ನ ಮೇಲೆ ಮಾತ್ರ ಹೊಸ ಅಕ್ಷರ. ಹಾಗಿರುವಾಗ ಫಲಕದಲ್ಲಿ ಬರೆಯುವುದು ಯಾವ ಹೆಸರು? ಅಂಗಿಯದೋ, ಅಂಗಿ ಹಾಕಿದವರದೋ?

ನನ್ನ ಅಭಿಪ್ರಾಯದಲ್ಲಿ ತಂಡಕ್ಕೆ ಬೇರೆಯಾಗಿಯೇ ಗೌರವ ಬೇಕು. ಯಾಕೆಂದರೆ ಎಲ್ಲಾ ತಂಡದಲ್ಲೂ ಒಬ್ಬ ಇರುತ್ತಾನೆ. ದೊಡ್ಡ ಹೊಡೆತ ಇಲ್ಲ, ಹೆಸರಿಲ್ಲ, ಆದರೆ ಅವನು ಬರದ ದಿನ ತಂಡ ಸೋಲುತ್ತದೆ. ಅವನನ್ನು ಒಬ್ಬನೇ ಅಂತ ಯಾರೂ ಆರಿಸಲ್ಲ. ತಂಡದ ಫೋಟೊದಲ್ಲಿ ಮಾತ್ರ ಅವನು ಒಳಗೆ ಬರಲು ಸಾಧ್ಯ.

ಚಿನ್ನಿದಾಂಡು

ಈ ಕೊನೇ ಸಾಲಿಗೆ ಸಾವಿರ ಲೈಕ್. ನಾನೇ ಅವನು 🙋

ಅಕ್ಕ ಫ್ರಮ್ ಹಾಸನ

ಇಷ್ಟು ಹೊತ್ತು ಓದಿದೆ. ಅವನು, ಇವನು, ಅಣ್ಣ, ಹುಡುಗರು. ಹೆಂಗಸರು ಎಲ್ಲಿ?

1933ರಲ್ಲಿ ಶಿಕಾಗೊದಲ್ಲಿ ವಿಶ್ವ ಮೇಳ ನಡೆಯಿತಲ್ಲ, ಅಲ್ಲೇ ದೊಡ್ಡ ಸಾಫ್ಟ್‌ಬಾಲ್ ಟೂರ್ನಮೆಂಟ್ ಆಯಿತು. ದೇಶದಲ್ಲಿ ಈ ಆಟಕ್ಕೆ ಒಂದೇ ನಿಯಮ, ಒಂದೇ ಸಂಘ ಬರಲು ಅದೇ ಕಾರಣ. ಅಲ್ಲಿ ಹೆಂಗಸರ ವಿಭಾಗ ಗೆದ್ದಿದ್ದು ಶಿಕಾಗೊದ್ದೇ ತಂಡ, ಗ್ರೇಟ್ ನಾರ್ದರ್ನ್ಸ್. ಅಂದರೆ ಮೊದಲ ದಿನದಿಂದಲೂ ನಾವಿದ್ದೇವೆ. ಆಮೇಲೆ ಎರಡನೇ ಮಹಾಯುದ್ಧದ ಹೊತ್ತಿಗೆ, 1943ರಲ್ಲಿ, ಚೂಯಿಂಗ್ ಗಮ್ ಕಂಪನಿಯ ರಿಗ್ಲಿ ಹೆಣ್ಣುಮಕ್ಕಳ ಲೀಗ್ ಶುರು ಮಾಡಿದಾಗ ಆಟಗಾರ್ತಿಯರು ಬಂದಿದ್ದು ಎಲ್ಲಿಂದ? ಸಾಫ್ಟ್‌ಬಾಲ್ ಅಂಗಳದಿಂದಲೇ. ಅವರು ಆಡಿದ್ದು 12 ಇಂಚಿನ ಚೆಂಡು, ಅದು ಬೇರೆ ಮಾತು.

ಓಕ್‌ಪಾರ್ಕಿನ ಮಲೆನಾಡಿಗ

ತಪ್ಪಾಯ್ತು ಅಕ್ಕ. ನನ್ನ ಮೊದಲ ಪೋಸ್ಟಲ್ಲೇ ಬರೆಯಬೇಕಿತ್ತು. ಈ ಹಾಲ್ ಆಫ್ ಫೇಮ್‌ನಲ್ಲಿ ಆಟಗಾರ್ತಿಯರ ಹೆಸರೂ ಇದೆ.

ಅಕ್ಕ ಫ್ರಮ್ ಹಾಸನ

ಇದೆ ಅಂತ ಗೊತ್ತು. ನೀವು ಬರೆಯುತ್ತೀರಾ ಅಂತ ನೋಡುತ್ತಿದ್ದೆ 🙂

ಬೆರಳು ಮುರಿದವನು

ಯಾರೂ ಇನ್ನೂ ರಾಯ್ಕೊ ಬಗ್ಗೆ ಹೇಳಲಿಲ್ಲ!

ಮೈಕ್ ರಾಯ್ಕೊ ಶಿಕಾಗೊದ ಅಂಕಣಕಾರ. 1972ರಲ್ಲಿ ಪತ್ರಕರ್ತರಿಗೆ ಕೊಡುವ ದೊಡ್ಡ ಗೌರವ ಪುಲಿಟ್ಜರ್ ಪ್ರಶಸ್ತಿ ಬಂದಿತ್ತು. ಊರಿನ ಮೇಯರ್‌ಗೂ ಹೆದರದೆ ಬರೆಯುತ್ತಿದ್ದ ಮನುಷ್ಯ. ಸಾಫ್ಟ್‌ಬಾಲ್ ಹುಚ್ಚು, ತಾನೇ ಆಡುತ್ತಿದ್ದ. 1977ರಲ್ಲಿ ನಗರದ ಪಾರ್ಕ್ ಇಲಾಖೆ 16 ಇಂಚಿನ ಆಟದಲ್ಲಿ ಗ್ಲೌಸ್ ಹಾಕಬಹುದು ಅಂತ ಬಿಟ್ಟಿತು. ರಾಯ್ಕೊಗೆ ಎಲ್ಲಿಲ್ಲದ ಸಿಟ್ಟು. ಅಂಕಣ ಬರೆದು ಸುಮ್ಮನಾಗಲಿಲ್ಲ, ಸೀದಾ ಕೋರ್ಟಿಗೆ ಹೋದ! ಅವನ ವಾದ ಏನಂದರೆ, ಅಂಗೈ ಗಟ್ಟಿಯಾಗಿ ಬೆರಳು ಸೊಟ್ಟಗಾಗುವಷ್ಟು ವರ್ಷ ಆಡಿದವರಿಗೆ ಸಿಗಬೇಕಾದ ಲಾಭವನ್ನು ಗ್ಲೌಸ್ ಹಾಕಿದ ಎಳಸುಗಳಿಗೆ ಕೊಟ್ಟರೆ ಅನ್ಯಾಯ ಅಂತ. ಮತ್ತೆ ಗೆದ್ದೂ ಬಿಟ್ಟ. ಅವನೂ ಈಗ ಹಾಲ್ ಆಫ್ ಫೇಮ್‌ನಲ್ಲಿದ್ದಾನೆ.

ಫಾರೆಸ್ಟ್ ಪಾರ್ಕ್‌ನಲ್ಲಿ 1969ರಿಂದ ಪ್ರತಿ ಬೇಸಿಗೆ ನಡೆಯುವ ಟೂರ್ನಮೆಂಟಿನ ಹೆಸರೇ 'ನೋ ಗ್ಲೌಸ್ ನ್ಯಾಷನಲ್ಸ್'. ಹಾಲ್ ಆಫ್ ಫೇಮ್ ಆ ಊರಲ್ಲೇ ಇರುವುದು ಸುಮ್ನೆ ಅಲ್ಲ.

ನೇರ ಮಾತು

ಪತ್ರಕರ್ತರಿಗೂ ಕೊಡುತ್ತಾರಾ? ಮುಗೀತು ಬಿಡಿ. ನಾಳೆ ಶರಬತ್ತು ಮಾರಿದವನಿಗೂ ಕೊಡಿ.

ಕುಂದಾಪ್ರ ಅಂಡರ್‌ಆರ್ಮ್

ಕೊಡ್ಬೇಕು ಮಾರಾಯ್ರೆ! ಶರಬತ್ತಿನವನಿಗೂ ಕೊಡ್ಬೇಕು.

ನಾನು ಶಿಕಾಗೊ ನೋಡಿಲ್ಲ. ನಾನಿರುವುದು ದುಬೈ. ಆದರೆ ಈ ಚರ್ಚೆ ಓದ್ತಾ ಓದ್ತಾ ನಮ್ಮ ಕರಾವಳಿಯ ಅಂಡರ್‌ಆರ್ಮ್ ಕ್ರಿಕೆಟ್ ಕಣ್ಣ ಮುಂದೆ ಬಂತು. ಟೆನಿಸ್ ಬಾಲ್, ಕೆಳಗಿನಿಂದ ಹಾಕುವ ಬೌಲಿಂಗ್, ಪುಟ್ಟ ಅಂಗಳ. ಗದ್ದೆ ಕೊಯ್ಲಾದ ಮೇಲೆ ಟೂರ್ನಮೆಂಟ್, ರಾತ್ರಿಯಿಡೀ ಹೊನಲು ಬೆಳಕು, ಮೈಕಿನಲ್ಲಿ ವೀಕ್ಷಕ ವಿವರಣೆ. ಬೆಂಗಳೂರಿನವರಿಗೆ ಹೇಳಿದರೆ "ಅದು ಕ್ರಿಕೆಟ್ಟಾ?" ಅಂತಾರೆ. ಶಿಕಾಗೊದವರಿಗೂ ಹೊರಗಿನವರು ಇದನ್ನೇ ಕೇಳಿರ್ತಾರೆ, ಅಲ್ವಾ?

ನಮ್ಮಲ್ಲೂ ಒಬ್ಬ ಎಡಗೈ ಬೌಲರ್ ಇದ್ದ. ಹೆಸರು ಹೇಳುವುದಿಲ್ಲ, ಈಗ ಮೀನಿನ ಲಾರಿ ಓಡಿಸ್ತಾನೆ. ಅವನ ಬಾಲ್ ನೆಲಕ್ಕೆ ಬಿದ್ದ ಮೇಲೆ ಎತ್ತ ಹೋಗ್ತದೆ ಅಂತ ಅವನಿಗೂ ಗೊತ್ತಿರಲಿಲ್ಲ. ಹತ್ತೂರಿನವರು ಅವನ ಓವರ್ ನೋಡಲು ಬರ್ತಿದ್ದರು. ಇವತ್ತು ಅವನ ಮಕ್ಕಳಿಗೇ ಇದು ಗೊತ್ತಿಲ್ಲ. ಕಂಬಳ, ಮಲ್ಲಕಂಬದಂಥ ಆಟಗಳಿಗೆ ಸರ್ಕಾರ ಕ್ರೀಡಾರತ್ನ ಪ್ರಶಸ್ತಿ ಕೊಡ್ತದೆ, ಸಂತೋಷ. ಇವನಿಗೆ ಯಾರು ಕೊಡ್ತಾರೆ?

ಬಸವನಗುಡಿ ಬೌಲರ್

ಲಾರಿ ಅಂದಾಗ ನೆನಪಾಯ್ತು. ನ್ಯಾಟ್ 'ಸ್ವೀಟ್‌ವಾಟರ್' ಕ್ಲಿಫ್ಟನ್ ಕತೆ ಕೇಳಿ.

ಶಿಕಾಗೊದ ಕರಿಯರ ಬಡಾವಣೆಯಲ್ಲಿ ಬೆಳೆದ ಹುಡುಗ. ಬಾಸ್ಕೆಟ್‌ಬಾಲ್‌ನಲ್ಲಿ ದೊಡ್ಡ ಹೆಸರು. ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್‌ಗೆ ಆಡಿದರು. 1950ರಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡ ಸೇರಿ, ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಕಾಲಿಟ್ಟ ಮೊದಲ ಕರಿಯ ಆಟಗಾರರಲ್ಲಿ ಒಬ್ಬರಾದರು. ಅದೇ ಮನುಷ್ಯ ಊರಿಗೆ ಬಂದಾಗ 16 ಇಂಚಿನ ಸಾಫ್ಟ್‌ಬಾಲ್ ಆಡುತ್ತಿದ್ದರು. ಅಷ್ಟು ದೊಡ್ಡ ಅಂಗೈಗೆ ಗ್ಲೌಸ್ ಯಾಕೆ ಬೇಕು! ಆಟ ಮುಗಿದ ಮೇಲೆ ಶಿಕಾಗೊದಲ್ಲಿ ವರ್ಷಗಟ್ಟಲೆ ಟ್ಯಾಕ್ಸಿ ಓಡಿಸಿದರು. 1990ರಲ್ಲಿ ತೀರಿಕೊಂಡಿದ್ದೂ ಟ್ಯಾಕ್ಸಿಯ ಸ್ಟಿಯರಿಂಗ್ ಹಿಂದೆಯೇ.

ಈಗ ನೋಡಿ. ಬಾಸ್ಕೆಟ್‌ಬಾಲ್‌ನ ದೊಡ್ಡ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿದ್ದು 2014ರಲ್ಲಿ. ಅವರು ಸತ್ತು 24 ವರ್ಷ ಆದ ಮೇಲೆ. ಊರಿನ ಸಾಫ್ಟ್‌ಬಾಲ್‌ನವರೂ ಅವರ ಹೆಸರನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದಾರೆ. ಟ್ಯಾಕ್ಸಿ ಹತ್ತಿದ ಎಷ್ಟು ಜನಕ್ಕೆ ಮುಂದೆ ಕೂತವರು ಯಾರು ಅಂತ ಗೊತ್ತಿತ್ತೋ.

ಕುಂದಾಪ್ರ ಅಂಡರ್‌ಆರ್ಮ್

ಓದಿ ಸುಮ್ಮನೆ ಕೂತೆ.

ಚಿನ್ನಿದಾಂಡು

ನಾನೂ.

ಇಷ್ಟು ದಿನ ನನಗೆ ಶಿಕಾಗೊ ಅಂದರೆ ವಿವೇಕಾನಂದರ 1893ರ ಭಾಷಣ, ಅದು ಬಿಟ್ಟರೆ ಮೈಕೆಲ್ ಜೋರ್ಡನ್. ಈಗ ಮೂರನೆಯದೂ ಸೇರಿತು. ಅಂದಹಾಗೆ ಆ ಮನೆಯೊಳಗೆ ನೋಡಲು ಏನಿದೆ? ಬರೀ ಹೆಸರಾ?

ಓಕ್‌ಪಾರ್ಕಿನ ಮಲೆನಾಡಿಗ

ಹಳೇ ಜೆರ್ಸಿ, ಫೋಟೊ, ಟ್ರೋಫಿ, ಅಂಥದ್ದು. ಕೂಪರ್ಸ್‌ಟೌನ್ ತರಹದ ಅಬ್ಬರ ಹುಡುಕಿಕೊಂಡು ಹೋದರೆ ನಿರಾಸೆ ಆಗುತ್ತದೆ, ಈಗಲೇ ಹೇಳಿದ್ದೇನೆ. ನಾನು ಮತ್ತೆ ಹೋಗುವುದು ಜುಲೈನಲ್ಲಿ, ಟೂರ್ನಮೆಂಟ್ ದಿನ. ಹಳಬರು ಬೇಲಿ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಾರಂತೆ. ಅವರ ಮಾತು ಕೇಳಬೇಕು. ಮಗಳಿಗೂ ಒಂದು ಕ್ಲಿಂಚರ್ ಕೊಡಿಸಿದ್ದೇನೆ. ಎರಡು ಕೈಯಲ್ಲೂ ಹಿಡಿಯಲಾಗದೆ ತಬ್ಬಿಕೊಂಡು ಓಡಾಡುತ್ತಿದ್ದಾಳೆ.

ಬೆರಳು ಮುರಿದವನು

ತಬ್ಬಿಕೊಳ್ಳುವುದೇ ಸರಿಯಾದ ವಿಧಾನ. ಎದೆಗೆ ಒತ್ತಿಕೊಂಡು ಹಿಡಿಯಬೇಕು. ನನಗೆ ಆವತ್ತು ಯಾರೂ ಹೇಳಲಿಲ್ಲ.

ಜುಲೈಗೆ ನಾನೂ ಬರುತ್ತೇನೆ. ನೋಡಲು ಮಾತ್ರ.

ನೇರ ಮಾತು

ಅಂಕಿಅಂಶ ಇಲ್ಲದೆ ಹಾಲ್ ಆಫ್ ಫೇಮ್ ಮಾಡಿದರೆ ಜಗಳ ತಪ್ಪಲ್ಲ. ಆ ಮಾತು ಹಿಂದೆ ತೆಗೆದುಕೊಳ್ಳುತ್ತಿಲ್ಲ.

ಆದರೆ ನಿನ್ನೆ ರಾತ್ರಿ ಸುಮ್ನೆ ಒಂದು ಹಾಳೆ ತಗೊಂಡು ಕೂತೆ. 1988ರಲ್ಲಿ ನಮ್ಮೂರ ಟೆನಿಸ್ ಬಾಲ್ ತಂಡ ತಾಲ್ಲೂಕಿಗೇ ಕಪ್ ಗೆದ್ದಿತ್ತು. ಹನ್ನೊಂದು ಜನರ ಹೆಸರು ಬರೆಯೋಣ ಅಂತ. ಎಂಟು ಬಂತು. ವಿಕೆಟ್‌ಕೀಪರ್ ಮುಖ ನೆನಪಿದೆ, ಹೆಸರು ಬರುತ್ತಿಲ್ಲ. ಇನ್ನಿಬ್ಬರದು ಮುಖವೂ ಇಲ್ಲ. ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿದೆ, ಅವನಿಗೆ ಒಂದು ಗೊತ್ತಿತ್ತು.

ಒಂಬತ್ತಾಯ್ತು.